ಮಳೆಗಾಲದಲ್ಲಿ ಕೆಟ್ಟ ಪೆಟ್ರೋಲು: ಚೈನ್ ಸಾ ರಿಪೇರಿ, ಜೊತೆಗೆ ಆಯಿಲ್ ಕಲಸಿಡಲು ಒಂದು ಕಲ್ಲಿನ ಗೂಡು

ಪುನರ್ವಸು ಮಳೆ ಹಿಡಿದ ಎರಡನೇ ರಾತ್ರಿ ಗಾಳಿ ಜೋರಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮನೆಗೆ ಬರುವ ದಾರಿಗೆ ಅಡ್ಡಲಾಗಿ ಹಲಸಿನ ದೊಡ್ಡ ಟೊಂಗೆ ಬಿದ್ದಿತ್ತು. ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ಡಾಂಬರು ರಸ್ತೆ ಮುಟ್ಟಲು ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಶಾಲೆಗೆ ಹೋಗುವ ಮಕ್ಕಳು, ಡೇರಿಗೆ ಹೋಗುವ ಹಾಲು, ಎಲ್ಲದಕ್ಕೂ ಅದೊಂದೇ ದಾರಿ.

ಚೈನ್ ಸಾ ತಂದೆ. ಚೋಕ್ ಎಳೆದು ಹಗ್ಗ ಎಳೆದೆ. ಹತ್ತು ಸಲ, ಇಪ್ಪತ್ತು ಸಲ. ಒಂದೇ ಒಂದು ಸಲ ಕೆಮ್ಮಿದ ಹಾಗೆ ಸದ್ದು ಮಾಡಿ ಸುಮ್ಮನಾಯಿತು. ಆಮೇಲೆ ಅದೂ ಇಲ್ಲ. ಕೊನೆಗೆ ಪಕ್ಕದ ಮನೆಯವರನ್ನು ಕರೆದು ಕೊಡಲಿ, ಕೈಗರಗಸ ಹಿಡಿದು ದಾರಿ ಬಿಡಿಸಿದೆವು. ಆಗ ಮಧ್ಯಾಹ್ನ ದಾಟಿತ್ತು. ಅವತ್ತು ಮಕ್ಕಳಿಗೆ ಶಾಲೆ ತಪ್ಪಿತು.

ಮಿಷನ್ನಿಗೆ ನಾಲ್ಕು ವರ್ಷ. ಸುಮಾರು 50 ಸಿಸಿ ಇಂಜಿನ್, 18 ಇಂಚಿನ ಬಾರ್. ಮೇ ತಿಂಗಳ ಮಧ್ಯದಲ್ಲಿ ಸೌದೆ ಕೊಯ್ದು ಮುಗಿಸಿದ್ದೆ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಿಕ್ಸ್ ಪೆಟ್ರೋಲ್, ಅಂದರೆ ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್ (ಟೂ ಟಿ) ಕಲಸಿದ ಪೆಟ್ರೋಲ್, ಇತ್ತು. ಹಾಗೇ ಒಯ್ದು ಇಟ್ಟಿದ್ದೆ. ನಮ್ಮ ಕಡೆ ಹೆಚ್ಚಿನವರು ಮಾಡುವುದು ಇದನ್ನೇ. ಮಳೆಗೆ ಮುಂಚೆ ಕೆಲಸ ಮುಗಿಸುತ್ತೇವೆ, ಮಳೆಗಾಲವಿಡೀ ಮಿಷನ್ ಮೂಲೆಯಲ್ಲಿರುತ್ತದೆ, ಗಾಳಿ ಮಳೆಗೆ ಮರ ಬಿದ್ದ ದಿನ ಅದು ತಕ್ಷಣ ಬೇಕಾಗುತ್ತದೆ. ವರ್ಷದಲ್ಲಿ ಅತಿ ಹೆಚ್ಚು ತೇವ ಇರುವ ಎರಡು ತಿಂಗಳು ಪೆಟ್ರೋಲು ಟ್ಯಾಂಕಿನಲ್ಲೇ ಕೂತಿರುತ್ತದೆ.

ಮರುದಿನದಿಂದ ರಿಪೇರಿಗೆ ಕೂತೆ. ಏನೇನು ಕಂಡಿತು, ಏನು ಮಾಡಿದೆ, ಆಮೇಲೆ ಪೆಟ್ರೋಲ್ ಇಡುವ ಪದ್ಧತಿಯನ್ನೇ ಹೇಗೆ ಬದಲಾಯಿಸಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಬಾಟಲಿಯಲ್ಲಿ ಎರಡು ಪದರ

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿ ಒಣಗಿತ್ತು. ಇಷ್ಟು ಸಲ ಎಳೆದರೂ ಪ್ಲಗ್ ಒಣಗಿದೆ ಎಂದರೆ ಪೆಟ್ರೋಲ್ ಸಿಲಿಂಡರ್ ತನಕ ಬರುತ್ತಿಲ್ಲ. ಪ್ಲಗ್ ತೂತಿನಿಂದ ಹೊಸ ಮಿಕ್ಸ್ ನಾಲ್ಕೈದು ಹನಿ ಬಿಟ್ಟೆ. ಪ್ಲಗ್ ಕೂರಿಸಿ, ಚೆಲ್ಲಿದ್ದನ್ನು ಒರೆಸಿ, ಐದು ನಿಮಿಷ ಬಿಟ್ಟು ಎಳೆದೆ. ಎರಡು ಸೆಕೆಂಡ್ ಓಡಿ ನಿಂತಿತು. ಅಲ್ಲಿಗೆ ಕರೆಂಟಿನ ಭಾಗ ಸರಿಯಿದೆ, ತೊಂದರೆ ಇರುವುದು ಪೆಟ್ರೋಲಿನ ದಾರಿಯಲ್ಲಿ ಎಂದು ಖಾತ್ರಿಯಾಯಿತು.

ಟ್ಯಾಂಕನ್ನು ಒಂದು ಗಾಜಿನ ಬಾಟಲಿಗೆ ಬಗ್ಗಿಸಿದೆ. ಹತ್ತು ನಿಮಿಷ ಅಲುಗಾಡಿಸದೆ ಇಟ್ಟೆ. ಬಾಟಲಿಯಲ್ಲಿ ಸ್ಪಷ್ಟವಾಗಿ ಎರಡು ಪದರ. ಮೇಲೆ ಹಸಿರು ಬಣ್ಣದ ಪೆಟ್ರೋಲ್. ಕೆಳಗೆ ಎರಡು ಬೆರಳಷ್ಟು ಬಣ್ಣವಿಲ್ಲದ, ಸ್ವಲ್ಪ ಮಬ್ಬಾದ ದ್ರವ. ವಾಸನೆಯೂ ಪೆಟ್ರೋಲಿನದಲ್ಲ. ಹಳೇ ವಾರ್ನಿಷ್ ಡಬ್ಬಿ ತೆಗೆದ ಹಾಗೆ ಹುಳಿ ಹುಳಿ ಘಾಟು.

ಹಸಿರು ಬಣ್ಣ ನಾನು ಹಾಕುವ ಟೂ ಟಿ ಆಯಿಲಿನದು. ಈ ಆಯಿಲಿಗೆ ಬಣ್ಣ ಹಾಕುವುದೇ ಕಲಸಿದ್ದು ಯಾವುದು, ಕಲಸದ್ದು ಯಾವುದು ಎಂದು ಕಣ್ಣಿಗೆ ಗೊತ್ತಾಗಲಿ ಅಂತ. ಹಸಿರು ಪೂರ್ತಿ ಮೇಲಿದೆ ಅಂದರೆ ಆಯಿಲ್ ಪೂರ್ತಿ ಮೇಲಿದೆ. ಕೆಳಗಿನ ಪದರದಲ್ಲಿ ಆಯಿಲ್ ಇಲ್ಲ.

ಇದು ನನ್ನನ್ನು ನಿಜಕ್ಕೂ ಹೆದರಿಸಿತು. ಟೂ ಸ್ಟ್ರೋಕ್ ಇಂಜಿನ್ನಿಗೆ ಕಾರಿನ ಹಾಗೆ ಬೇರೆ ಆಯಿಲ್ ಚೇಂಬರ್ ಇರುವುದಿಲ್ಲ. ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಕೇಸ್ ಒಳಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಹೋಗುತ್ತವೆ. ಆ ದಾರಿಯಲ್ಲಿ ಬೇರಿಂಗ್, ಕನೆಕ್ಟಿಂಗ್ ರಾಡ್, ಪಿಸ್ಟನ್ ಎಲ್ಲಕ್ಕೂ ಜಿಡ್ಡು ಸಿಗುವುದು ಪೆಟ್ರೋಲಿಗೆ ಕಲಸಿದ ಆಯಿಲಿನಿಂದ ಮಾತ್ರ. ಟ್ಯಾಂಕಿನೊಳಗೆ ಪೆಟ್ರೋಲ್ ಹೀರುವ ಫಿಲ್ಟರ್ ಭಾರವಾಗಿ ತಳದಲ್ಲೇ ಬಿದ್ದಿರುತ್ತದೆ. ಮೊದಲು ಹೀರುವುದು ಕೆಳಗಿನ ಪದರವನ್ನು. ಅವತ್ತು ಮಿಷನ್ ಎದ್ದಿದ್ದರೆ ಆಯಿಲ್ ಇಲ್ಲದ ನೀರು ಕುಡಿದು ನಿಮಿಷಗಳಲ್ಲಿ ಪಿಸ್ಟನ್ ಹಿಡಿದುಕೊಳ್ಳುವ ಸಾಧ್ಯತೆ ಇತ್ತು. ಏಳದೇ ಇದ್ದದ್ದೇ ಒಳ್ಳೆಯದಾಯಿತು.

ಆ ನೀರು ಎಲ್ಲಿಂದ ಬಂತು

ಈಗ ಬಂಕಿನಲ್ಲಿ ಸಿಗುವುದು ಇ20. ನೂರು ಲೀಟರಿನಲ್ಲಿ 20 ಲೀಟರ್ ತನಕ ಎಥನಾಲ್. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇದರ ಬಿಡುಗಡೆ ಆಯಿತು. 2025ರ ಹೊತ್ತಿಗೆ ದೇಶದ ಹೆಚ್ಚಿನ ಬಂಕುಗಳಿಗೆ ಇದೇ ಬಂತು. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಇದರಿಂದ ಅನುಕೂಲ ಇದೆ. ಅದರ ಮೇಲೆ ನನಗೆ ಬೇಸರವಿಲ್ಲ. ದಿನಾ ಓಡುವ ಬೈಕಿನಲ್ಲಿ ಪೆಟ್ರೋಲ್ ವಾರದೊಳಗೆ ಖಾಲಿಯಾಗುತ್ತದೆ. ಎರಡು ತಿಂಗಳು ಮೂಲೆಯಲ್ಲಿ ಕೂರುವ ಚಿಕ್ಕ ಮಿಷನ್ನಿನ ಕಥೆಯೇ ಬೇರೆ.

ಎಥನಾಲಿಗೆ ನೀರು ಎಂದರೆ ಇಷ್ಟ. ಗಾಳಿಯಲ್ಲಿನ ತೇವವನ್ನೂ ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಿದ್ದರೆ ಅದನ್ನು ತನ್ನೊಳಗೆ ಕರಗಿಸಿಕೊಂಡು ಪೆಟ್ರೋಲಿನಲ್ಲೇ ಇರುತ್ತದೆ. ನೀರು ಒಂದು ಮಿತಿ ದಾಟಿತೋ, ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗೆ ಇಳಿದುಬಿಡುತ್ತದೆ. ಶೇಕಡಾ 10 ಎಥನಾಲ್ ಇರುವ ಪೆಟ್ರೋಲಿನಲ್ಲಿ 15 ಡಿಗ್ರಿ ಚಳಿಯಲ್ಲಿ ಈ ಮಿತಿ ಸುಮಾರು ಅರ್ಧ ಶೇಕಡಾ. ಅಂದರೆ ಲೀಟರಿಗೆ ಒಂದು ಟೀ ಚಮಚ ನೀರು. ಶೇಕಡಾ 20 ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ತಡೆಯುತ್ತದೆ. ಹಾಗೆಯೇ ಬೇರ್ಪಟ್ಟಾಗ ಕೆಳಗೆ ಇಳಿಯುವ ಪದರವೂ ದೊಡ್ಡದು.

ಬರೀ ಗಾಳಿಯ ತೇವದಿಂದ ಇಷ್ಟು ನೀರು ಸೇರುವುದು ಕಷ್ಟ. ಹಾಗಾಗಿ ನೀರು ಬಂದ ದಾರಿ ಹುಡುಕಿದೆ. ಆಯಿಲ್ ಕಲಸುವ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನ ಮುಚ್ಚಳದೊಳಗೆ ವಾಷರ್ ಇರಲಿಲ್ಲ. ಯಾವಾಗಲೋ ಬಿದ್ದುಹೋಗಿದೆ. ಕ್ಯಾನ್ ಇಟ್ಟಿದ್ದು ಕೊಟ್ಟಿಗೆಯ ಮಾಡಿನ ಅಂಚಿನಲ್ಲಿ, ಸೂರಿನ ನೀರು ಸಿಡಿಯುವ ಜಾಗದಲ್ಲಿ. ಮೇ ತಿಂಗಳ ಮೊದಲ ಮಳೆಗಳಲ್ಲೇ ಹನಿ ಹನಿ ಒಳಗೆ ಹೋಗಿರಬೇಕು. ಕ್ಯಾನನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದೆ. ತಳದ ಮೂಲೆಯಲ್ಲಿ ಅದೇ ಬಣ್ಣವಿಲ್ಲದ ಗುಳ್ಳೆಗಳು ಓಡಾಡುತ್ತಿದ್ದವು.

ಕಾರ್ಬರೇಟರ್ ಬಿಚ್ಚಿದ ದಿನ

ಮಳೆ ಬಿಡಲಿಲ್ಲ. ಜಗಲಿಯ ಮೇಲೆ ಬಿಳಿ ಪಂಚೆ ಹಾಸಿ ಅದರ ಮೇಲೆ ಬಿಚ್ಚಿದೆ. ಚಿಕ್ಕ ಸ್ಕ್ರೂ, ಸ್ಪ್ರಿಂಗ್ ಬಿದ್ದರೆ ಬಿಳಿ ಬಟ್ಟೆಯ ಮೇಲೆ ಕಾಣುತ್ತದೆ.

ಮೊದಲು ಟ್ಯಾಂಕಿನ ಪೈಪು. ಕೊಕ್ಕೆಯ ತಂತಿಯಿಂದ ಫಿಲ್ಟರನ್ನು ಹೊರಗೆ ಎಳೆದೆ. ಬೆಳ್ಳಗಿರಬೇಕಾದ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿತ್ತು. ರಬ್ಬರ್ ಪೈಪು ಬಗ್ಗುವ ಜಾಗದಲ್ಲಿ ಗಟ್ಟಿಯಾಗಿ, ಕೂದಲೆಳೆಯ ಬಿರುಕು ಬಿಟ್ಟಿತ್ತು. ಈ ಬಿರುಕು ಸಣ್ಣದಾದರೂ ಬಲು ಕೆಟ್ಟದ್ದು. ಪೆಟ್ರೋಲಿನ ಜೊತೆ ಗಾಳಿಯನ್ನೂ ಎಳೆಯುತ್ತದೆ, ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಕಾಯುತ್ತದೆ. ಎರಡನ್ನೂ ಹೊಸದು ಹಾಕುವುದು ಎಂದು ಬದಿಗಿಟ್ಟೆ.

ಪೆಟ್ರೋಲ್, ಗಾಳಿ ಬೆರೆಸುವುದು ಕಾರ್ಬರೇಟರ್. ಚೈನ್ ಸಾ ಕಾರ್ಬರೇಟರಿನಲ್ಲಿ ಬೈಕಿನ ಹಾಗೆ ಪೆಟ್ರೋಲ್ ನಿಲ್ಲುವ ಬಟ್ಟಲು (ಫ್ಲೋಟ್ ಬೌಲ್) ಇಲ್ಲ. ಮಿಷನನ್ನು ಅಡ್ಡ ಹಿಡಿಯುತ್ತೇವೆ, ತಲೆಕೆಳಗೂ ಮಾಡುತ್ತೇವೆ, ಅಲ್ವಾ? ಅದಕ್ಕೇ ಎರಡು ತೆಳ್ಳನೆಯ ಪೊರೆ (ಡಯಾಫ್ರಾಮ್) ಇಟ್ಟಿದ್ದಾರೆ. ಒಂದು ಪಂಪಿನ ಕೆಲಸ ಮಾಡುತ್ತದೆ. ಇನ್ನೊಂದು ಎಷ್ಟು ಬೇಕೋ ಅಷ್ಟು ಅಳೆದು ಬಿಡುತ್ತದೆ. ಅಳೆಯುವ ಡಯಾಫ್ರಾಮ್ ಒಂದು ಪುಟ್ಟ ಲಿವರನ್ನು ಒತ್ತುತ್ತದೆ. ಲಿವರ್ ಒಂದು ಸೂಜಿಯನ್ನು ಎತ್ತುತ್ತದೆ. ಸೂಜಿ ಎದ್ದಾಗ ಪೆಟ್ರೋಲ್ ಒಳಗೆ ಬರುತ್ತದೆ.

ಅಳೆಯುವ ಡಯಾಫ್ರಾಮ್ ರೇಷ್ಮೆ ಬಟ್ಟೆಯ ಹಾಗೆ ಮೆದುವಾಗಿರಬೇಕು. ನನ್ನದು ಬೆರಳಿನಿಂದ ಒತ್ತಿದರೆ ಟಿಕ್ ಟಿಕ್ ಎನ್ನುತ್ತಿತ್ತು. ಒಣಗಿ ಗಟ್ಟಿಯಾಗಿತ್ತು. ಸೂಜಿ ಅಂಟು ಹಿಡಿದು ಕಚ್ಚಿಕೊಂಡಿತ್ತು. ಇನ್ನೊಂದು ಬದಿಯ ಮುಚ್ಚಳದಡಿ ಇರುವ ಸೂಕ್ಷ್ಮ ಜಾಲರಿ ಹಸಿರು ಮೇಣದಂಥದ್ದರಿಂದ ಪೂರ್ತಿ ಮುಚ್ಚಿಹೋಗಿತ್ತು. ಒಳಗಿನ ಅಲ್ಯುಮಿನಿಯಂ ಮೇಲೆ ಅಲ್ಲಲ್ಲಿ ಬಿಳಿ ಪುಡಿ. ನೀರು ಬೆರೆತ ಎಥನಾಲ್ ಲೋಹವನ್ನು ತಿಂದ ಗುರುತು ಅದು.

ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟೆ. ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದೆ. ತೂತುಗಳಿಗೆ ತಂತಿ ಹಾಕಲಿಲ್ಲ. ಜೆಟ್ಟಿನ ತೂತು ಕೂದಲಷ್ಟು ದೊಡ್ಡದಾದರೂ ಅಳತೆ ಕೆಟ್ಟು ಹೋಗುತ್ತದೆ. ಗ್ಯಾರೇಜಿನ ಕಂಪ್ರೆಸರಿನಿಂದ ಜೋರಾಗಿ ಗಾಳಿ ಹೊಡೆಯುವುದೂ ಬೇಡ. ಒಳಗೆ ತೆಳ್ಳನೆಯ ವಾಲ್ವ್ ಇರುತ್ತದೆ, ಅದು ಹಾರಿಹೋದರೆ ಇಡೀ ಕಾರ್ಬರೇಟರ್ ಹೊಸದು ತರಬೇಕು.

ರಿಪೇರಿ ಕಿಟ್ ಪೇಟೆಯಿಂದ ಬರಲು ಐದು ದಿನ ಆಯಿತು. ಮೊದಲು ಹೋದ ಅಂಗಡಿಯಲ್ಲಿ ನೋಡಲು ಹಾಗೇ ಇರುವ ಬೇರೆ ಕಿಟ್ ಕೊಟ್ಟುಬಿಟ್ಟಿದ್ದರು. ಡಯಾಫ್ರಾಮಿನ ತೂತುಗಳು ಒಂದಕ್ಕೊಂದು ಕೂಡಲಿಲ್ಲ. ಕಾರ್ಬರೇಟರಿನ ಮೈಮೇಲೆ ಕೆತ್ತಿದ ನಂಬರ್ ಬರೆದುಕೊಂಡು ಹೋದರೆ ಈ ಓಡಾಟ ತಪ್ಪುತ್ತದೆ.

ಜೋಡಿಸುವಾಗ ಒಂದು ವಿಷಯಕ್ಕೆ ಬಹಳ ಜನ ಎಡವುತ್ತಾರೆ. ಎರಡು ಬದಿಯಲ್ಲೂ ಒಂದು ಗ್ಯಾಸ್ಕೆಟ್, ಒಂದು ಡಯಾಫ್ರಾಮ್ ಇದೆ. ಆದರೆ ಕ್ರಮ ಒಂದೇ ಅಲ್ಲ. ಅಳೆಯುವ ಬದಿಯಲ್ಲಿ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಾಮ್, ಮೇಲೆ ಮುಚ್ಚಳ. ಪಂಪಿನ ಬದಿಯಲ್ಲಿ ಮೊದಲು ಡಯಾಫ್ರಾಮ್, ಅದರ ಮೇಲೆ ಗ್ಯಾಸ್ಕೆಟ್, ಆಮೇಲೆ ಮುಚ್ಚಳ. ಬಿಚ್ಚುವಾಗಲೇ ಮೊಬೈಲಿನಲ್ಲಿ ಒಂದೊಂದು ಹಂತದ ಫೋಟೋ ತೆಗೆದಿಟ್ಟಿದ್ದೆ. ಅದು ಕೈ ಹಿಡಿಯಿತು. ಲಿವರಿನ ಎತ್ತರವೂ ಮುಖ್ಯ. ನನ್ನ ಕಾರ್ಬರೇಟರಿನಲ್ಲಿ ಅದು ಸುತ್ತಲಿನ ತಳಕ್ಕೆ ಸಮ ಇರಬೇಕು. ಬೇರೆ ಕಾರ್ಬರೇಟರಿನಲ್ಲಿ ಬೇರೆ ಅಳತೆ ಇರುತ್ತದೆ, ಕಿಟ್ಟಿನ ಚೀಟಿ ನೋಡಿಯೇ ಮಾಡಬೇಕು.

ಸೂಜಿ ಸರಿಯಾಗಿ ಮುಚ್ಚುತ್ತದೆಯೇ ಎಂದು ನೋಡಲು ಮನೆಯ ಹಳೇ ಬಿಪಿ ಮಿಷನ್ ಬಳಸಿದೆ. ತೋಳಿಗೆ ಕಟ್ಟುವ ಪಟ್ಟಿ ತೆಗೆದು, ರಬ್ಬರ್ ಬಲ್ಬು ಮತ್ತು ಮುಳ್ಳಿನ ಗೇಜನ್ನು ಕಾರ್ಬರೇಟರಿನ ಪೆಟ್ರೋಲ್ ನಳಿಕೆಗೆ ಜೋಡಿಸಿದೆ. 250ರ ತನಕ ಗಾಳಿ ಒತ್ತಿ ಬಿಟ್ಟೆ. ಮುಳ್ಳು ಅಲುಗಾಡದೆ ನಿಂತಿತು. ಇಂಥ ಸೂಜಿ ಸಾಮಾನ್ಯವಾಗಿ ತೆರೆದುಕೊಳ್ಳುವುದು ಇದರ ಎರಡು ಮೂರು ಪಟ್ಟು ಒತ್ತಡಕ್ಕೆ. ಹಾಗಾಗಿ ಈ ಒತ್ತಡದಲ್ಲಿ ಇಳಿದರೆ ಸೂಜಿ ಸೋರುತ್ತಿದೆ ಎಂದೇ ಅರ್ಥ. ಲಿವರನ್ನು ಕಡ್ಡಿಯಿಂದ ಮೆಲ್ಲಗೆ ಒತ್ತಿದಾಗ ಮುಳ್ಳು ಸರ್ರನೆ ಕೆಳಗೆ ಬಂತು. ಆಗ ನನಗಾದ ಖುಷಿ ದೊಡ್ಡದು.

ಸೈಲೆನ್ಸರ್ ಬಿಚ್ಚಿ ಹೊಗೆ ಹೋಗುವ ಕಿಂಡಿಯಿಂದ ಟಾರ್ಚ್ ಹಾಕಿ ಪಿಸ್ಟನ್ ನೋಡಿದೆ. ಉದ್ದುದ್ದ ಗೀರು ಬಿದ್ದಿದ್ದರೆ ಆಯಿಲ್ ಸಾಲದೆ ಉಜ್ಜಿದ ಗುರುತು. ಪಿಸ್ಟನ್ ಮೈ ನುಣುಪಾಗಿತ್ತು. ರಿಂಗ್ ಕಡ್ಡಿಯಿಂದ ಒತ್ತಿದರೆ ಸ್ಪ್ರಿಂಗಿನ ಹಾಗೆ ಒಳಗೆ ಹೋಗಿ ಬರುತ್ತಿತ್ತು. ಇಂಜಿನ್ ಉಳಿದಿತ್ತು.

ಹೊಸ ಪೈಪು, ಹೊಸ ಫಿಲ್ಟರ್, ಹೊಸ ಪ್ಲಗ್ ಹಾಕಿದೆ. ಜೋರು ಓಟಕ್ಕೆ (ಎಚ್) ಮತ್ತು ನಿಧಾನ ಓಟಕ್ಕೆ (ಎಲ್) ಪೆಟ್ರೋಲ್ ಹೊಂದಿಸುವ ಎರಡು ಸ್ಕ್ರೂಗಳನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ತಲಾ ಒಂದು ಸುತ್ತು ಬಿಚ್ಚಿದೆ. ಆರನೇ ಎಳೆತಕ್ಕೆ ಎದ್ದಿತು. ಐಡಲ್‌ನಲ್ಲಿ ಚೈನ್ ತಿರುಗದಂತೆ ಎಲ್ ಮತ್ತು ಐಡಲ್ ಸ್ಕ್ರೂ ಸರಿಮಾಡಿದೆ. ಎಚ್ ಸ್ಕ್ರೂ ವಿಷಯದಲ್ಲಿ ಮಾತ್ರ ಆತುರ ಮಾಡಲಿಲ್ಲ. ಎಥನಾಲಿನಲ್ಲಿ ತೂಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಆಮ್ಲಜನಕವೇ ಇದೆ. ಹಾಗಾಗಿ ಎಥನಾಲ್ ಕಡಿಮೆಯಿದ್ದ ಹಿಂದಿನ ಪೆಟ್ರೋಲಿಗೆ ಕೂರಿಸಿದ ಸ್ಕ್ರೂ ಹಾಗೇ ಇದ್ದರೆ ಇ20ರಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ, ಮರಕ್ಕೆ ತಾಗಿಸದೇ ಇರುವಾಗ, ಸದ್ದು ಸ್ವಲ್ಪ ಗೊರ ಗೊರ ಎನ್ನುತ್ತಿರಬೇಕು. ಮರಕ್ಕೆ ಇಳಿಸಿದ ತಕ್ಷಣ ಸದ್ದು ಸ್ವಚ್ಛ ಆಗಬೇಕು. ಮರಕ್ಕೆ ತಾಗಿಸುವ ಮೊದಲೇ ಕೀರಲು ಧ್ವನಿ ಬಂದರೆ ಮಿಶ್ರಣ ತೆಳುವಾಗಿದೆ. ನಾನು ಎಂಟನೇ ಒಂದು ಸುತ್ತು ಜಾಸ್ತಿ ಬಿಚ್ಚಿ ಅಲ್ಲಿಗೆ ನಿಲ್ಲಿಸಿದೆ.

ಮೂರು ಬಾಟಲಿಗಳ ಪರೀಕ್ಷೆ

ಕಿಟ್ಟಿಗೆ ಕಾಯುತ್ತಿದ್ದ ಆ ಐದು ದಿನಗಳಲ್ಲಿ ಒಂದು ಪರೀಕ್ಷೆ ಶುರು ಮಾಡಿದ್ದೆ. ಮೊದಲು ಬಂಕಿನಿಂದ ತಂದ ಹೊಸ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ನೋಡಿದೆ. ಗೆರೆ ಹಾಕಿದ ಗಾಜಿನ ಅಳತೆ ಕೊಳವೆಗೆ 40 ಮಿ.ಲೀ. ಪೆಟ್ರೋಲ್, 10 ಮಿ.ಲೀ. ನೀರು ಹಾಕಿ ಅಲುಗಾಡಿಸಿ ಇಟ್ಟೆ. ತಳದ ಪದರ 10ರಿಂದ ಸುಮಾರು 18ಕ್ಕೆ ಏರಿತ್ತು. ಅಂದರೆ 40ರಲ್ಲಿ 8 ಮಿ.ಲೀ. ಎಥನಾಲ್. ಸರಿಯಾಗಿ ಶೇಕಡಾ 20.

ಹೀಗೆ ನೀರು ಹಾಕಿ ಎಥನಾಲ್ ತೊಳೆದು, ಮೇಲಿನ ಪೆಟ್ರೋಲ್ ಮಾತ್ರ ಬಳಸುವವರಿದ್ದಾರೆ. ನಾನು ಅದಕ್ಕೆ ಹೋಗುವುದಿಲ್ಲ. ಪೆಟ್ರೋಲಿನ ಆಕ್ಟೇನ್ (ಹೊತ್ತಿಗೆ ಮುಂಚೆ ತಾನಾಗಿ ಸಿಡಿಯದಂತೆ ತಡೆಯುವ ಗುಣ) ಲೆಕ್ಕ ಎಥನಾಲ್ ಸೇರಿಸಿಯೇ ಹಾಕಿರುತ್ತಾರೆ. ಅದನ್ನು ತೆಗೆದರೆ ಆಕ್ಟೇನ್ ಇಳಿಯುತ್ತದೆ. ಬಿಸಿಯಾಗಿ ಓಡುವ ಚಿಕ್ಕ ಇಂಜಿನ್ನಿಗೆ ಅದು ಒಳ್ಳೆಯದಲ್ಲ. ಜೊತೆಗೆ ತೊಳೆದ ಎಥನಾಲ್ ನೀರನ್ನು ಎಲ್ಲಿ ಚೆಲ್ಲುವುದು?

ಆಮೇಲೆ ಮೂರು ಗಾಜಿನ ಬಾಟಲಿ ತೆಗೆದುಕೊಂಡೆ. ಪ್ರತಿಯೊಂದಕ್ಕೂ 200 ಮಿ.ಲೀ. ಹೊಸ ಪೆಟ್ರೋಲ್, 5 ಮಿ.ಲೀ. ಆಯಿಲ್. ಮೊದಲನೆಯದನ್ನು ಗಟ್ಟಿಯಾಗಿ ಮುಚ್ಚಿದೆ. ಎರಡನೆಯದರ ಮುಚ್ಚಳ ಸಡಿಲ ಬಿಟ್ಟೆ, ನಮ್ಮ ಹಳೇ ಕ್ಯಾನಿನ ಹಾಗೆ. ಮೂರನೆಯದಕ್ಕೆ ಸಿರಿಂಜಿನಿಂದ ನೀರು ಹನಿಸಿ ಅಲುಗಾಡಿಸುತ್ತಾ ಹೋದೆ.

ಮೂರನೆಯದು ಕಣ್ಣೆದುರೇ ಪಾಠ ಹೇಳಿತು. ಮೊದಲ ಒಂದು ಮಿ.ಲೀ. ನೀರು ಹಾಕಿದಾಗ ಏನೂ ಕಾಣಲಿಲ್ಲ. ಪೆಟ್ರೋಲ್ ಮೊದಲಿನಷ್ಟೇ ತಿಳಿ. ಎರಡು ಮಿ.ಲೀ. ದಾಟಿದ ಮೇಲೆ ಮಂಜು ಕವಿದ ಹಾಗೆ ಮಬ್ಬಾಯಿತು. ಅಲ್ಲಿಗೆ ನಿಲ್ಲಿಸಿದೆ. ಸಂಜೆಯ ತನಕ ಮಬ್ಬು ಹಾಗೇ ಇತ್ತು. ರಾತ್ರಿ ಚಳಿ ಏರಿತು. ಬೆಳಿಗ್ಗೆ ನೋಡಿದರೆ ತಳದಲ್ಲಿ ಬೇರೆ ಪದರ ಕೂತಿತ್ತು. ಒಂದು ಹನಿ ನೀರನ್ನೂ ಹೊಸದಾಗಿ ಹಾಕಿರಲಿಲ್ಲ. ತಣ್ಣಗಾದರೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಸಂಜೆ ಚೆನ್ನಾಗಿ ಓಡಿದ ಮಿಷನ್ ಬೆಳಿಗ್ಗೆ ಯಾಕೆ ಏಳುವುದಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನನಗೆ ಹೊಳೆದದ್ದು ಆಗ. ಮಧ್ಯಾಹ್ನದ ಹೊತ್ತಿಗೆ ಜೋರಾಗಿ ಅಲುಗಾಡಿಸಿದೆ. ಮಬ್ಬಾಗಿ ಸೇರಿಕೊಂಡ ಹಾಗೆ ಕಂಡು, ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು. ಹೊಸ ಆಯಿಲ್ ಹಾಕಿದರೂ ಅಷ್ಟೇ, ಬಣ್ಣ ಮೇಲೆಯೇ ನಿಂತಿತು. ಒಮ್ಮೆ ಬೇರ್ಪಟ್ಟ ಪೆಟ್ರೋಲನ್ನು ಕಲಕಿ ಬಳಸಲು ನೋಡಬೇಡಿ.

ಆರು ವಾರದ ಮೇಲೆ ಮೊದಲನೆಯ ಬಾಟಲಿ ಇನ್ನೂ ತಿಳಿಯಾಗಿ, ಒಂದೇ ಬಣ್ಣದಲ್ಲಿತ್ತು. ಎರಡನೆಯದರಲ್ಲಿ ಪದರ ಆಗಿರಲಿಲ್ಲ, ಆದರೆ ಮಟ್ಟ ಒಂದು ಬೆರಳು ಇಳಿದಿತ್ತು. ಹಾರಿಹೋಗಿದ್ದು ಪೆಟ್ರೋಲಿನ ಹಗುರ ಭಾಗ. ತಣ್ಣಗಿನ ಇಂಜಿನ್ ಮೊದಲ ಎಳೆತಕ್ಕೆ ಹಿಡಿದುಕೊಳ್ಳುವುದು ಆ ಹಗುರ ಭಾಗದಿಂದ. ಹಾರದೆ ಉಳಿಯುವುದು ಆಯಿಲ್ ಮತ್ತು ಅಂಟು ಕಟ್ಟುವ ಭಾಗ.

ಕಲ್ಲಿನ ಗೂಡು

ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಒಣಗಿರುವ ಜಾಗ ಎಂದರೆ ಬಚ್ಚಲೊಲೆಯ ಆಸುಪಾಸು. ಎಲ್ಲವನ್ನೂ ಅಲ್ಲೇ ಇಡುತ್ತೇವೆ. ಮಿಷನ್ ತುಕ್ಕು ಹಿಡಿಯಬಾರದು ಅಂತ ಅದನ್ನೂ ಅಲ್ಲಿಗೇ ಒಯ್ಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದುಕೊಂಡು ಒಲೆಯ ತನಕ ಹೋಗಬಲ್ಲದು.

ಹಾಗಾಗಿ ಮನೆಯಿಂದ, ಬಚ್ಚಲಿನಿಂದ, ಅಡಿಕೆ ಬೇಯಿಸುವ ಒಲೆಯಿಂದ ನಲವತ್ತು ಅಡಿ ದೂರದಲ್ಲಿ, ಬಿಸಿಲು ಬೀಳದ ಉತ್ತರ ಬದಿಗೆ ಒಂದು ಗೂಡು ಕಟ್ಟಿದೆ. ಮನೆ ಕಟ್ಟಿ ಉಳಿದ ಚಿರೆಕಲ್ಲು ಇತ್ತು. ಒಳ ಅಳತೆ ಎರಡು ಅಡಿ ಅಗಲ, ಒಂದೂವರೆ ಅಡಿ ಆಳ, ಎರಡೂವರೆ ಅಡಿ ಎತ್ತರ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಕಲ್ಲು ಕೂರಿಸಿ ಮೇಲೆ ಕಡಪ ಹಾಸಿದೆ. ಆವಿ ಕೆಳಗೆ ನಿಲ್ಲುವುದರಿಂದ ತಳದಲ್ಲಿ ಎರಡು ಕಿಂಡಿ, ಮೇಲೆ ಎರಡು ಕಿಂಡಿ ಬಿಟ್ಟೆ. ನಾಲ್ಕಕ್ಕೂ ತಂತಿ ಜಾಲರಿ. ಮೇಲೆ ಇಳಿಜಾರು ತಗಡು, ಮುಂದಕ್ಕೆ ಒಂದು ಅಡಿ ಚಾಚಿದೆ. ತಗಡಿನ ಬಾಗಿಲು, ಅದಕ್ಕೆ ಬೀಗ. ಮಕ್ಕಳಿರುವ ಮನೆ. ಬಲ್ಬ್, ಸ್ವಿಚ್ ಏನೂ ಇಲ್ಲ. ಪಕ್ಕದಲ್ಲಿ ಒಂದು ಬಕೆಟ್ ಮರಳು.

ಪ್ಲಾಸ್ಟಿಕ್ ಕ್ಯಾನನ್ನು ಬಿಟ್ಟೆ. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ 30 ಲೀಟರ್ ತನಕ ಇಟ್ಟುಕೊಳ್ಳಬಹುದು ಎಂದಿದೆ. ಗಾಜು ಅಥವಾ ಪಿಂಗಾಣಿಯದಾದರೆ ಒಂದೊಂದು ಪಾತ್ರೆ 1 ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್ ಮೀರಬಾರದು. ಬಿಗಿಯಾಗಿ ಮುಚ್ಚಿರಬೇಕು. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಹೆಸರಿಲ್ಲ. ನಾನು ಐದು ಲೀಟರಿನ ಉಕ್ಕಿನ ಜೆರ್ರಿ ಕ್ಯಾನ್ ಒಂದು, ಒಂದು ಲೀಟರಿನ ಲೋಹದ ಬಾಟಲಿ ಒಂದು ತಂದೆ. ಎರಡಕ್ಕೂ ರಬ್ಬರ್ ವಾಷರ್ ಇದೆ. ಒಂದೊಂದು ವಾಷರ್ ಹೆಚ್ಚಿಗೆ ತೆಗೆದಿಟ್ಟಿದ್ದೇನೆ. ತುಂಬುವಾಗ ಕ್ಯಾನ್ ನೆಲದ ಮೇಲೆ ಇರಬೇಕು. ಬೈಕಿನ ಸೀಟಿನ ಮೇಲೆ, ಪಿಕಪ್ ಒಳಗೆ ಇಟ್ಟು ತುಂಬಿದರೆ ಸ್ಟ್ಯಾಟಿಕ್ ಕಿಡಿ ಹಾರುವ ಭಯ ಇದೆ. ಕಂಠದ ತನಕವೂ ತುಂಬಬಾರದು, ಬಿಸಿಗೆ ಹಿಗ್ಗಲು ಜಾಗ ಬೇಕು.

ಕಲಸುವ ಲೆಕ್ಕ

ಉಕ್ಕಿನ ಕ್ಯಾನಿನಲ್ಲಿ ಬರೀ ಪೆಟ್ರೋಲ್ ಇರುತ್ತದೆ. ಅದಕ್ಕೆ ಆಯಿಲ್ ಹಾಕುವುದಿಲ್ಲ. ಆಯಿಲ್ ಕಲಸುವುದು ಒಂದು ಲೀಟರಿನ ಬಾಟಲಿಯಲ್ಲಿ, ಕೆಲಸಕ್ಕೆ ಹೊರಡುವ ದಿನ. ಈ ಒಂದು ಬದಲಾವಣೆಯಿಂದ ಅರ್ಧ ತೊಂದರೆ ಹೋಯಿತು. ಮಿಕ್ಸ್ ಮಾಡಿದ ಪೆಟ್ರೋಲನ್ನು ಇನ್ನೆಲ್ಲಿಗೂ ಹಾಕಲಾಗುವುದಿಲ್ಲ. ಬರೀ ಪೆಟ್ರೋಲ್ ಉಳಿದರೆ ತಿಂಗಳ ಕೊನೆಗೆ ಸ್ಕೂಟರಿಗೆ ಸುರಿದು, ಕ್ಯಾನಿಗೆ ಹೊಸದು ತರುತ್ತೇನೆ. ಕಲಸಿದ್ದಕ್ಕೆ ನಾನು ಇಟ್ಟುಕೊಂಡ ಗಡುವು 30 ದಿನ. ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ ತಾರೀಕು, ಅಳತೆ ಬರೆಯುತ್ತೇನೆ. ಪೆನ್ನಿನ ಶಾಯಿ ಪೆಟ್ರೋಲಿಗೆ ಅಳಿಸುತ್ತದೆ, ಸೀಸದ ಕಡ್ಡಿಯಲ್ಲಿ ಬರೆದರೆ ನಿಲ್ಲುತ್ತದೆ.

ಅಳತೆ ಸುಲಭ. 50ಕ್ಕೆ 1 ಎಂದರೆ ಲೀಟರಿಗೆ 20 ಮಿ.ಲೀ. ಆಯಿಲ್. 40ಕ್ಕೆ 1 ಎಂದರೆ 25 ಮಿ.ಲೀ. 25ಕ್ಕೆ 1 ಎಂದರೆ 40 ಮಿ.ಲೀ. ಮಿಷನ್ನಿನ ಪುಸ್ತಕದಲ್ಲಿ ಏನಿದೆಯೋ ಅದೇ ಸರಿ. ಆಯಿಲ್ ಡಬ್ಬಿಯ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವುದನ್ನು ಬಿಟ್ಟು ಔಷಧಿ ಅಂಗಡಿಯ ದೊಡ್ಡ ಸಿರಿಂಜ್ ಇಟ್ಟುಕೊಳ್ಳಿ. ಅರ್ಧ ಪೆಟ್ರೋಲ್ ಹಾಕಿ, ಆಯಿಲ್ ಹಾಕಿ, ಅಲುಗಾಡಿಸಿ, ಆಮೇಲೆ ಉಳಿದ ಪೆಟ್ರೋಲ್. ಟ್ಯಾಂಕಿಗೆ ಸುರಿಯುವ ಮುಂಚೆ ಇನ್ನೊಮ್ಮೆ ಅಲುಗಾಡಿಸಬೇಕು.

ನನ್ನ ಚೈನ್ ಸಾಗೆ 50ಕ್ಕೆ 1 ಸಾಕು. ಕಳೆ ಹೊಡೆಯುವ ಮಿಷನ್ನಿಗೆ 40ಕ್ಕೆ 1 ಬೇಕು. ಎರಡು ಬಾಟಲಿ ಇಟ್ಟರೆ ಕೆಲಸದ ಗಡಿಬಿಡಿಯಲ್ಲಿ ಅದಲುಬದಲಾಗುವುದು ಖಂಡಿತ. ಹಾಗಾಗಿ ಎರಡಕ್ಕೂ 40ಕ್ಕೆ 1 ಒಂದೇ ಬಾಟಲಿ ಮಾಡಿ, ಚೈನ್ ಸಾ ಸ್ಕ್ರೂಗಳನ್ನು ಅದಕ್ಕೇ ಹೊಂದಿಸಿದೆ. ಇದಕ್ಕಿಂತ ಜಾಸ್ತಿ ಆಯಿಲ್ ಹಾಕಿದರೆ ಇಂಜಿನ್ನಿಗೆ ಇನ್ನೂ ಒಳ್ಳೆಯದು ಎಂದು ನಮ್ಮೂರಲ್ಲಿ ಬಹಳ ಜನ ನಂಬಿದ್ದಾರೆ. ಆಯಿಲ್ ಜಾಸ್ತಿಯಾದಷ್ಟು ಅದೇ ತೂತಿನಿಂದ ಬರುವ ಪೆಟ್ರೋಲ್ ಕಡಿಮೆಯಾಗುತ್ತದೆ. ಹೊಗೆ ಕಿಂಡಿಗೆ, ಸೈಲೆನ್ಸರಿನ ಜಾಲರಿಗೆ ಮಸಿ ಕಟ್ಟುತ್ತದೆ. ಮಿಷನ್ ದಮ್ಮು ಕಟ್ಟಿದ ಹಾಗೆ ಆಗುತ್ತದೆ.

ಆಯಿಲ್ ಡಬ್ಬಿಯ ಮೇಲೆ ಜಾಸೋ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಎಂದು ಇದೆಯೇ ನೋಡಿ. ಎಫ್‌ಡಿ ಅಂದರೆ ಮಸಿ ಇನ್ನೂ ಕಡಿಮೆ. ದೋಣಿ ಇಂಜಿನ್ನಿಗೆ ಬರುವ ಟಿಸಿ-ಡಬ್ಲ್ಯೂ3 ಆಯಿಲ್ ನೀರಿನಿಂದ ತಣ್ಣಗಾಗುವ ಇಂಜಿನ್ನಿಗಾಗಿ ಮಾಡಿದ್ದು. ಗಾಳಿಯಿಂದ ತಣ್ಣಗಾಗುವ ನಮ್ಮ ಮಿಷನ್ನಿಗೆ ಅದು ಬೇಡ. ಬೈಕಿನ ಫೋರ್ ಸ್ಟ್ರೋಕ್ ಆಯಿಲ್ ಕೂಡ ಬೇಡ. ಅದು ಉರಿದರೆ ಬೂದಿ ಉಳಿಯುತ್ತದೆ. ಪಕ್ಕದ ಮನೆಯವರ ಕಳೆ ಮಿಷನ್ನಿಗೆ ಹೋಂಡಾ ಜಿಎಕ್ಸ್35 ಇಂಜಿನ್ ಇದೆ. ಅದು ಫೋರ್ ಸ್ಟ್ರೋಕ್. ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಅವರೂ ನಾವೂ ಒಟ್ಟಿಗೆ ಕೆಲಸ ಮಾಡುವ ದಿನ ಬಣ್ಣ ನೋಡಿಯೇ ಸುರಿಯುತ್ತೇವೆ. ಹಸಿರಿದ್ದರೆ ನಮ್ಮದು.

ಯುರೋಪಿನಲ್ಲಿ ಕಾಡಿನ ಕೆಲಸದವರು ಆಲ್ಕೈಲೇಟ್ ಎಂಬ ಶುದ್ಧ ಬಗೆಯ ಪೆಟ್ರೋಲಿಗೆ ಆಯಿಲ್ ಸೇರಿಸಿ ಡಬ್ಬಿಯಲ್ಲೇ ಬರುವುದನ್ನು ಬಳಸುತ್ತಾರೆ. ಅದರಲ್ಲಿ ಎಥನಾಲ್ ಇಲ್ಲ. ಬೆಂಜೀನ್ ಇಲ್ಲವೆನ್ನುವಷ್ಟು ಕಡಿಮೆ, ವರ್ಷಗಟ್ಟಲೆ ಕೆಡುವುದಿಲ್ಲ. ದಿನವಿಡೀ ಹೊಗೆ ಕುಡಿಯುವ ಕೆಲಸಗಾರರಿಗೆ ಅದು ನಮ್ಮಲ್ಲೂ ಸುಲಭವಾಗಿ ಸಿಗಬೇಕು ಎಂದು ನನಗೆ ಮನಸ್ಸಿನಿಂದ ಅನ್ನಿಸುತ್ತದೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ಕೇಳಿದೆ, ಸಿಗಲಿಲ್ಲ.

ಹಳೇ ಕ್ಯಾನಿನ ಪೆಟ್ರೋಲನ್ನು ತೋಟಕ್ಕೆ ಚೆಲ್ಲಲಿಲ್ಲ. ನಮ್ಮ ಬಾವಿ ತೋಟದ ಕೆಳಗೇ ಇದೆ. ಒಲೆಗಂತೂ ಹಾಕುವ ಹಾಗೇ ಇಲ್ಲ. ಬಿಗಿ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆದು, ಪೇಟೆಯ ಒಂದು ವರ್ಕ್‌ಶಾಪಿನವರನ್ನು ಮೊದಲೇ ಕೇಳಿಕೊಂಡು ಅವರಿಗೆ ಕೊಟ್ಟೆ.

ಆಶ್ಲೇಷ, ಮಘೆ

ಕೆಲಸ ಮುಗಿದ ಮೇಲೆ ಈಗ ಟ್ಯಾಂಕ್ ಬಗ್ಗಿಸಿ ಬಾಟಲಿಗೆ ಸುರಿಯುತ್ತೇನೆ. ಮಿಷನ್ ಚಾಲೂ ಮಾಡಿ ತಾನಾಗೇ ನಿಲ್ಲುವ ತನಕ ಐಡಲ್‌ನಲ್ಲಿ ಬಿಡುತ್ತೇನೆ. ಚೋಕ್ ಹಾಕಿ ಮತ್ತೊಮ್ಮೆ ಎಳೆದು ಕಾರ್ಬರೇಟರಿನಲ್ಲಿ ಉಳಿದ ಹನಿಯನ್ನೂ ಮುಗಿಸುತ್ತೇನೆ. ಡಯಾಫ್ರಾಮ್ ಒಣಗಿದರೆ ಗಟ್ಟಿಯಾಗುತ್ತದೆ, ಪೆಟ್ರೋಲ್ ತುಂಬಿಯೇ ಇಡಿ ಎನ್ನುವವರಿದ್ದಾರೆ. ಎಥನಾಲ್ ಇಲ್ಲದ ಪೆಟ್ರೋಲಾಗಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಇ20 ಇರುವಾಗ ಖಾಲಿ ಇಡುವುದೇ ವಾಸಿ ಎಂದು ನನ್ನ ತೀರ್ಮಾನ. ಡಯಾಫ್ರಾಮ್ ಒಣಗದಿರಲು ಮೂರು ವಾರಕ್ಕೊಮ್ಮೆ ಕಾಲು ಲೀಟರ್ ಹೊಸ ಮಿಕ್ಸ್ ಹಾಕಿ, ಹತ್ತು ನಿಮಿಷ ಒಂದು ಸೌದೆ ತುಂಡು ಕೊಯ್ದು, ಮತ್ತೆ ಖಾಲಿ ಮಾಡಿಡುತ್ತೇನೆ.

ಆಶ್ಲೇಷ ಮಳೆಯಲ್ಲಿ ಮೊದಲ ಸಲ ಹೀಗೆ ಎಬ್ಬಿಸಿದೆ. ನಾಲ್ಕನೇ ಎಳೆತಕ್ಕೆ ಎದ್ದಿತು. ಮಘೆ ಮಳೆಯ ಕೊನೆಗೆ ಬ್ಯಾಣದ (ಹುಲ್ಲುಗಾವಲಿನ) ಬೇಲಿಯ ಮೇಲೆ ಒಂದು ಮತ್ತಿ ಟೊಂಗೆ ಮುರಿದು ಬಿತ್ತು. ಬೆಳಿಗ್ಗೆ ಏಳೂವರೆಗೆ ಪೆಟ್ರೋಲ್ ಕಲಸಿದೆ. ಎಂಟೂವರೆಗೆ ಬೇಲಿ ಬಿಡಿಸಿ ಮನೆಗೆ ಬಂದು ತಿಂಡಿ ತಿಂದೆ. ಬಾಟಲಿಯಲ್ಲಿ 300 ಮಿ.ಲೀ.ನಷ್ಟು ಉಳಿದಿದೆ, ಪಟ್ಟಿಯ ಮೇಲೆ ತಾರೀಕು ಇದೆ.

ಕಳೆ ಮಿಷನ್ನಿನ ಟ್ಯಾಂಕನ್ನೂ ಬಗ್ಗಿಸಿ ನೋಡಿದೆ. ಪದರ ಆಗಿರಲಿಲ್ಲ. ಪ್ರೈಮರ್ ಬಲ್ಬು ಮಾತ್ರ ಹಳದಿಯಾಗಿ ಬಿರುಕು ಬಿಟ್ಟಿದೆ, ಪೈಪೂ ಗಟ್ಟಿಯಾಗಿದೆ. ಎರಡನ್ನೂ ಹೇಳಿ ಬಂದಿದ್ದೇನೆ. ಮಳೆ ಬಿಟ್ಟು ತೋಟದ ಕಳೆ ಹೊಡೆಯಲು ಶುರುಮಾಡುವ ಮುಂಚೆ ಅದನ್ನು ಬಿಚ್ಚಬೇಕು.